ಹಾವೇರಿಗೆ ಬಂದ್ರ ಹೊಳಿ ಕಡೆ ಬರ್ರಿ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಕಾರಿನಲ್ಲಿ ಹೋಗುವವರಿಗೆ ಹಾವೇರಿ ಎಂದರೆ ಒಂದು ಬೈಪಾಸ್. ರಾಣೆಬೆನ್ನೂರಿನಲ್ಲಿ ಒಂದು ಚಹಾ, ಆಮೇಲೆ ಶಿಗ್ಗಾವಿ ತನಕ ನಿದ್ದೆ. ಬೆಂಗಳೂರಿನ ನಮ್ಮ ಬೀಗರೊಬ್ಬರು ಧಾರವಾಡಕ್ಕೆ ಹೋಗುವಾಗೆಲ್ಲ ಬೈಪಾಸ್ ಮೇಲಿಂದಲೇ ಫೋನ್ ಮಾಡುತ್ತಾರೆ: "ನಿಮ್ಮೂರು ದಾಟ್ತಾ ಇದೀವಿ ನೋಡಿ." ಊರೊಳಗೆ ಬರ್ರಿ, ಊಟ ಮಾಡಿ ಹೋಗ್ರಿ ಅಂದರೆ, "ಅಲ್ಲಿ ನೋಡೋಕೆ ಏನಿದೆ ಹೇಳಿ?" ಎನ್ನುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ಅದಕ್ಕೇ ಬರೆಯಲು ಕೂತೆ. ಬೀಗರು ಓದಲಿ, ಉಳಿದವರೂ ಓದಲಿ.

ಹಾವೇರಿ ಅಂತ ಮೊಬೈಲಿನಲ್ಲಿ ಹುಡುಕಿದರೆ ಪಟ್ಟಿಗಳೇನೋ ಬೇಕಾದಷ್ಟು ಸಿಗುತ್ತವೆ. ಗೊಟಗೋಡಿಯ ರಾಕ್ ಗಾರ್ಡನ್, ಬಂಕಾಪುರದ ನವಿಲು, ಬಾಡದ ಕನಕನ ಅರಮನೆ. ಹೆದ್ದಾರಿ ಬಿಟ್ಟು ಹೆಚ್ಚು ದೂರ ಹೋಗದವರು ಮಾಡಿದ ಪಟ್ಟಿ ಅದು. ಈ ಜಾಗಗಳು ಬೇಡ ಎಂದು ನಾನು ಹೇಳುವುದಿಲ್ಲ, ಮುಂದೆ ಅವುಗಳ ಮಾತೂ ಬರುತ್ತದೆ. ಆದರೆ ನಿಮಗಿರುವುದು ಒಂದೇ ದಿನ ಅಂದರೆ ಹೆದ್ದಾರಿಗೆ ಬೆನ್ನು ಹಾಕಿ ಮೂಡಣಕ್ಕೆ ಹೊರಡಿ. ಗುತ್ತಲ ದಾಟಿದರೆ ತುಂಗಭದ್ರೆ. ಅಲ್ಲಿ ಇರುವುದನ್ನು ನೋಡದೆ ಹಾವೇರಿ ನೋಡಿದೆ ಅನ್ನುವವರ ಮಾತನ್ನು ನಾನಂತೂ ಒಪ್ಪುವುದಿಲ್ಲ.

ನನ್ನದು ಬೀಜದ ಕಂಪನಿಯಲ್ಲಿ ಕೆಲಸ. ಫೀಲ್ಡ್ ಮ್ಯಾನ್ ಅನ್ನುತ್ತಾರೆ. ರಾಣೆಬೆನ್ನೂರು ಬೀಜೋತ್ಪಾದನೆಗೆ ಹೆಸರಾದ ಊರು; ಸುತ್ತಲಿನ ಹಳ್ಳಿಗಳಲ್ಲಿ ರೈತರು ಕಂಪನಿಗಳಿಗೆ ಹತ್ತಿ, ಬೆಂಡೆ, ಟೊಮ್ಯಾಟೊ, ಮೆಣಸಿನಕಾಯಿ ಬೀಜ ಬೆಳೆದು ಕೊಡುತ್ತಾರೆ. ಆ ಪ್ಲಾಟುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮುಂಜಾನೆ ಗಾಡಿ ಹತ್ತಿದರೆ ಇಳಿಯುವುದು ಸಂಜೆಗೆ. ಹೊಳೆಸಾಲಿನ ಹಳ್ಳಿಗಳಲ್ಲಿ ಯಾವ ರಸ್ತೆಯಲ್ಲಿ ತಗ್ಗು, ಯಾವ ಖಾನಾವಳಿಯಲ್ಲಿ ರೊಟ್ಟಿ ಬಿಸಿ ಎಂಬುದು ನನಗೆ ಗೊತ್ತಿರುವುದು ಈ ಕೆಲಸದಿಂದ.

ಮೊದಲು ಹೊಳೆಗಳ ಲೆಕ್ಕ ಹೇಳಿಬಿಡುತ್ತೇನೆ. ತುಂಗಭದ್ರೆ ದೊಡ್ಡಾಕಿ. ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ತುಂಗೆ, ಭದ್ರೆ ಎರಡೂ ಕೂಡಿ, ಹೊನ್ನಾಳಿ, ಹರಿಹರ ದಾಟಿ ನಮ್ಮ ಜಿಲ್ಲೆಯ ಮೂಡಣದ ಅಂಚು ಹಿಡಿದು ಹರಿಯುತ್ತಾಳೆ. ವರದೆ ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ಹಾನಗಲ್ ತಾಲ್ಲೂಕಿನಲ್ಲಿ ಧರ್ಮೆಯನ್ನು ಕೂಡಿಸಿಕೊಂಡು, ಗಳಗನಾಥದ ಹತ್ತಿರ ತುಂಗಭದ್ರೆಗೆ ಸೇರುತ್ತಾಳೆ. ರಟ್ಟಿಹಳ್ಳಿ ಕಡೆಯಿಂದ ಬರುವ ಕುಮುದ್ವತಿ ರಾಣೆಬೆನ್ನೂರು ತಾಲ್ಲೂಕಿನಲ್ಲಿ ಅದೇ ತುಂಗಭದ್ರೆಯನ್ನು ಕೂಡುತ್ತಾಳೆ. ಒಟ್ಟು ನಾಲ್ಕು ಹೊಳೆ. ತಮಾಷೆ ಅಂದರೆ ಹಾವೇರಿ ಪಟ್ಟಣ ಇವುಗಳಲ್ಲಿ ಒಂದರ ದಂಡೆಯ ಮೇಲೂ ಇಲ್ಲ. ನಲ್ಲಿಯಲ್ಲಿ ನೀರು ಬಂದ ದಿನ ಮಾತ್ರ ಊರವರಿಗೆ ಹೊಳೆಯ ನೆನಪು.

ವರದೆಯನ್ನು ನೋಡಲು ಮೇ ತಿಂಗಳಲ್ಲಿ ಬಂದರೆ ಉಸುಕು ನೋಡಿ ಹೋಗುತ್ತೀರಿ, ಅಲ್ಲಲ್ಲಿ ಮಡುವಿನಲ್ಲಿ ನಿಂತ ನೀರು ಅಷ್ಟೇ. ಅದೇ ವರದೆ 2019ರ ಆಗಸ್ಟಿನಲ್ಲಿ ದಂಡೆಯ ಹಳ್ಳಿಗಳ ಮನೆ, ಹೊಲಗಳಿಗೆಲ್ಲ ನುಗ್ಗಿದ್ದಳು. ಬರುವುದಾದರೆ ದಸರೆಯಿಂದ ಸಂಕ್ರಾಂತಿಯ ನಡುವೆ ಬನ್ನಿ. ನೀರು ತಿಳಿಯಾಗಿರುತ್ತದೆ, ಬಿಸಿಲು ತಡೆದುಕೊಳ್ಳುವಂತಿರುತ್ತದೆ, ಹೊಲದಲ್ಲಿ ಬೆಳೆ ನಿಂತಿರುತ್ತದೆ.

ಹಿಂದಿನ ದಿನ ಮಧ್ಯಾಹ್ನವೇ ಹಾವೇರಿಗೆ ಬಂದು ಇಳಿದುಕೊಳ್ಳುವುದು ಚಲೋ. ಬೆಂಗಳೂರು–ಹುಬ್ಬಳ್ಳಿ ರೈಲುಗಳು ಬಹಳಷ್ಟು ಇಲ್ಲಿ ನಿಲ್ಲುತ್ತವೆ. ಸಂಜೆಗೆ ಒಂದೇ ಕೆಲಸ ಇಟ್ಟುಕೊಳ್ಳಿ: ಪುರಸಿದ್ಧೇಶ್ವರ ಗುಡಿ. ಹನ್ನೆರಡನೆಯ ಶತಮಾನದ ಕಲ್ಯಾಣ ಚಾಲುಕ್ಯರ ಕಾಲದ್ದು, ಬಳಪದ ಕಲ್ಲಿನದು. ಚಾಲುಕ್ಯರ ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿದರೆ ಇದು ಪಶ್ಚಿಮಕ್ಕೆ ಮಾಡಿದೆ. ಮೊದಲು ಬೇರೆ ದೇವರ ಗುಡಿ ಇದ್ದಿರಬೇಕು, ಶಿವ ಆಮೇಲೆ ಬಂದಿರಬೇಕು ಎಂದು ಬಲ್ಲವರು ವಾದಿಸುತ್ತಾರೆ. ಆ ವಾದ ಅವರಿಗೇ ಇರಲಿ. ನಮಗೆ ಅದರಿಂದ ಆದ ಲಾಭ ಏನೆಂದರೆ ಇಳಿಹೊತ್ತಿನ ಬಿಸಿಲು ಸೀದಾ ಮಂಟಪದೊಳಗೆ ಬೀಳುತ್ತದೆ. ತಿರುಗಣಿಯಲ್ಲಿ ಕಡೆದ ಕಂಬಗಳ ಉಂಗುರಗಳನ್ನು ಒಂದೊಂದಾಗಿ ಎಣಿಸಬಹುದು. ಮುಂಜಾನೆ ಹತ್ತು ಗಂಟೆಗೆ ಹೋದವರು "ಕತ್ತಲ ಐತ್ರಿ, ಏನೂ ಕಾಣಲಿಲ್ಲ" ಎಂದು ಬರುತ್ತಾರೆ. ಒಳಗಿನ ಉಮಾಮಹೇಶ್ವರನ ಮೂರ್ತಿಯ ಮುಂದೆ ಸ್ವಲ್ಪ ನಿಲ್ಲಿ. ಹೊರಗಿನ ತೋಟದಲ್ಲಿ ಪರೀಕ್ಷೆಗೆ ಓದುವ ಹುಡುಗರು ಕೂತಿರುತ್ತಾರೆ, ಅವರಿಗೆ ಗದ್ದಲ ಮಾಡಬೇಡಿ.

ಅಲ್ಲಿಂದ ಪೇಟೆಗೆ ಬಂದು ಏಲಕ್ಕಿ ಹಾರ ಮಾಡುವವರ ಮನೆ ಕೇಳಿ. ಯಾರಾದರೂ ತೋರಿಸುತ್ತಾರೆ. ಏಲಕ್ಕಿ ಇಲ್ಲಿ ಬೆಳೆಯುವುದಿಲ್ಲ. ಹಿಂದೆ ಮಲೆನಾಡಿನ ಏಲಕ್ಕಿ ಇಲ್ಲಿಗೆ ಬಂದು, ತೊಳೆದು ಹಸನಾಗಿ, ಮುಂದೆ ಮಾರಾಟಕ್ಕೆ ಹೋಗುತ್ತಿತ್ತು. ಆ ವ್ಯಾಪಾರ ಹೋಯಿತು, ಹಾರ ಉಳಿಯಿತು. ಮಾಡುವವರ ಕೈ ನೋಡುತ್ತ ಕೂರಬೇಕು. ಬಾಯಿ ಬಿಡದ, ಒಂದೇ ಅಳತೆಯ ಕಾಯಿ ಆರಿಸಿ ಒಂದು ಕಡೆ, ಸಣ್ಣವು ಇನ್ನೊಂದು ಕಡೆ. ಸೂಜಿ ಕಾಯಿಯ ನಡು ಹಾಯಬೇಕು, ಬೀಜ ಉದುರಬಾರದು. ನಡುನಡುವೆ ಜರಿ, ಬಣ್ಣದ ದಾರ, ಮಣಿ. ಎಳೆ ಹೆಚ್ಚಿದಂತೆ ಬೆಲೆ ಹೆಚ್ಚು. ಮಂತ್ರಿ ಬಂದರೂ ಅದೇ ಹಾರ, ಸಾಹಿತಿ ಬಂದರೂ ಅದೇ ಹಾರ. 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲೇ ನಡೆದಾಗ ಊರೆಲ್ಲ ಇದರದೇ ಮಾತು. ಮನೆಗೆ ಒಂದೆಳೆಯ ಹಾರ ಒಯ್ಯಿರಿ. ದೇವರ ಫೋಟೋಗೆ ಹಾಕಿದರೆ ಬಹಳ ದಿನ ಘಮ್ ಎನ್ನುತ್ತದೆ. ನಮ್ಮವ್ವ ಮಾತ್ರ ಹಬ್ಬ ಬಂದಾಗ ಅದರಿಂದಲೇ ನಾಲ್ಕು ಕಾಯಿ ಬಿಚ್ಚಿ ಹೋಳಿಗೆಗೆ ಹಾಕಿಬಿಡುತ್ತಾಳೆ.

ಮರುದಿನ ಮುಂಜಾನೆ ಬೇಗ ಹೊರಡಿ. ಕಾರಿದ್ದರೆ ಸರಿ. ಇಲ್ಲದಿದ್ದರೆ ಗುತ್ತಲಕ್ಕೆ ಬಸ್ಸುಗಳಿವೆ, ಅಲ್ಲಿಂದ ಮುಂದೆ ಆಟೋ, ಟಂಟಂ ಮಾತಾಡಿಕೊಳ್ಳಬೇಕು. ಹೋಗಿ ಬರುವುದಕ್ಕೆ ಸೇರಿಸಿಯೇ ಬಾಡಿಗೆ ಮಾತಾಡಿ. ಹಳ್ಳಿಗಳಿಂದ ವಾಪಸು ಬರುವ ಗಾಡಿ ಸಂಜೆ ಸಿಗುವುದು ಕಷ್ಟ.

ನನ್ನ ದಾರಿ ಹೊಸರಿತ್ತಿಯ ಮೇಲೆ ಹೋಗುತ್ತದೆ, ಸ್ವಲ್ಪ ಸುತ್ತಾದರೂ ಸರಿ. ವರದೆಯ ದಂಡೆಯ ಊರು. ಮೈಲಾರ ಮಹದೇವಪ್ಪನ ಹೆಸರು ಶಾಲೆಯ ಪುಸ್ತಕದಲ್ಲಿ ಓದಿರುತ್ತೀರಿ. ಮೋಟೆಬೆನ್ನೂರಿನ ಹುಡುಗ, 1930ರಲ್ಲಿ ಗಾಂಧೀಜಿಯ ಜೊತೆ ದಂಡಿಯವರೆಗೆ ನಡೆದವನು, ಆಗ ವಯಸ್ಸು ಇನ್ನೂ ಇಪ್ಪತ್ತು ಆಗಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರಕಾರದ ಕಂದಾಯದ ಹಣದ ಮೇಲೆ ದಾಳಿ ಮಾಡಿದಾಗ ಪೊಲೀಸರ ಗುಂಡಿಗೆ ಬಲಿಯಾದ. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಹಾವೇರಿಯಲ್ಲಿ ಅವರ ನೆನಪಿಗೆ ವೀರಸೌಧ ಇದೆ. ಬಹಳ ಜನ ಅದನ್ನಷ್ಟೇ ನೋಡುತ್ತಾರೆ. ಘಟನೆ ನಡೆದ ಊರನ್ನು ನೋಡಬೇಕು ಅನ್ನುವುದು ನನ್ನ ಹಟ. ಸಾಮಾನ್ಯ ಬಯಲುಸೀಮೆಯ ಹಳ್ಳಿ, ಹೊಳೆ, ಜಾಲಿ, ದನ. ಅಲ್ಲಿ ನಿಂತು ಆ ಮೂವರ ವಯಸ್ಸನ್ನು ಯೋಚಿಸಿದರೆ ಮಾತು ಹೊರಡುವುದಿಲ್ಲ.

ಹೊಸರಿತ್ತಿಯಿಂದ ಗುತ್ತಲದ ಕಡೆ ಬರುವಾಗ ರಸ್ತೆಯ ಬದಿ ಬಿಳಿ ನೈಲಾನ್ ಪರದೆ ಕಟ್ಟಿದ ಹೊಲಗಳು ಕಾಣಬಹುದು. ಅವೇ ಬೀಜದ ಪ್ಲಾಟು. ಪ್ರವಾಸಿಗಳು ಇದನ್ನು ಯಾಕೆ ನೋಡಬೇಕು ಅನ್ನಬೇಡಿ. ನಿಮ್ಮ ಪೇಟೆಯ ಬೆಂಡೆಕಾಯಿ ಹುಟ್ಟುವುದು ಇಂಥಲ್ಲೇ. ಸಂಜೆಯ ಹೊತ್ತು ಹೆಣ್ಣುಮಕ್ಕಳು ಸಾಲು ಹಿಡಿದು ನಿಂತು, ಮರುದಿನ ಅರಳಲಿರುವ ಮೊಗ್ಗು ಹುಡುಕುತ್ತಾರೆ. ಉಗುರಿನಿಂದ ಮೊಗ್ಗಿನ ಸಿಪ್ಪೆ ಸೀಳಿ, ಗಂಡು ಕೇಸರ ಅಷ್ಟನ್ನೇ ಕೆರೆದು ತೆಗೆದು, ನಡುವಿನ ಎಳೆಯನ್ನು ಮುರಿಯದೆ ಬಿಡಬೇಕು. ಮರುದಿನ ಮುಂಜಾನೆ ಗಂಡು ಸಾಲಿನ ಹೂ ಕಿತ್ತು ತಂದು ಆ ಎಳೆಗೆ ಸವರಬೇಕು, ಗುರುತಿಗೆ ದಾರ ಕಟ್ಟಬೇಕು. ಇದಕ್ಕೆ ಕ್ರಾಸಿಂಗ್ ಅನ್ನುತ್ತೇವೆ. ಟೊಮ್ಯಾಟೊ ಆದರೆ ಪರಾಗ ತುಂಬಿದ ಪುಟ್ಟ ಬಟ್ಟಲನ್ನು ಬೆರಳಿಗೆ ಸಿಕ್ಕಿಸಿಕೊಂಡಿರುತ್ತಾರೆ, ಹೂವನ್ನು ಅದಕ್ಕೆ ಅದ್ದುವುದು. ಕೈ ಎಷ್ಟು ಚುರುಕೆಂದರೆ ನೀವು ಒಂದು ಮೊಗ್ಗು ನೋಡಿ ತಿಳಿಯುವಷ್ಟರಲ್ಲಿ ಅವರು ಸಾಲಿನ ಅರ್ಧಕ್ಕೆ ಹೋಗಿರುತ್ತಾರೆ. ಕೇಳಿ ಒಳಗೆ ಹೋಗಿ, ಹೂ ಮುಟ್ಟಬೇಡಿ. ಮುಟ್ಟಿದರೆ ಬೈಯುವವನು ನಾನೇ.

ಗಳಗನಾಥ ಮೊದಲು. ವರದೆ ತುಂಗಭದ್ರೆಗೆ ಕೂಡುವ ಜಾಗ. ಮುಂಗಾರಿನ ಹೊಸ ನೀರು ಬಂದಾಗ ಎರಡು ಹೊಳೆಯ ಬಣ್ಣ ಬೇರೆಬೇರೆ ಕಾಣುತ್ತದೆ, ಚಳಿಗಾಲದಲ್ಲಿ ಯಾವುದು ಯಾವುದೋ ತಿಳಿಯುವುದಿಲ್ಲ. ಸಂಗಮದ ಮೇಲೆ ಗಳಗೇಶ್ವರ ಗುಡಿ, ಹನ್ನೊಂದನೆಯ ಶತಮಾನದ್ದು. ಸುತ್ತು ಹಾಕಿ ಗರ್ಭಗುಡಿಯ ಹಿಂದೆ ಬಂದು ನಿಂತರೆ ವಿಚಿತ್ರ ಅನಿಸುತ್ತದೆ. ಗೋಡೆಯ ಬುಡ ಮೆಟ್ಟಿಲುಮೆಟ್ಟಿಲಾಗಿ ಹೊರಕ್ಕೆ ಚಾಚಿಕೊಂಡಿದೆ, ಹೊಲದಲ್ಲಿ ಬಣವೆಗೆ ಬುಡ ಅಗಲ ಮಾಡಿ ಒಟ್ಟಿದ ಹಾಗೆ. ಗೋಪುರದ ಭಾರಕ್ಕೆ ಆಸರೆಯಾಗಿ ಕಟ್ಟಿದ್ದು. ಇಂಥದ್ದು ಈ ಕಡೆಯ ಬೇರೆ ಯಾವ ಗುಡಿಯಲ್ಲೂ ನಾನು ಕಂಡಿಲ್ಲ. ಹೊಳೆ ಇಷ್ಟು ಹತ್ತಿರ ಇರುವಾಗ ಇಷ್ಟು ದೊಡ್ಡ ಕಲ್ಲಿನ ರಾಶಿಯನ್ನು ನಿಲ್ಲಿಸುವುದೆಂದರೆ ಸುಮ್ಮನೆ ಮಾತಲ್ಲ. ಕನ್ನಡದ ಮೊದಮೊದಲ ಕಾದಂಬರಿಕಾರರಲ್ಲಿ ಒಬ್ಬರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಗಳಗನಾಥ ಎಂಬ ಹೆಸರಿನಲ್ಲಿ ಬರೆದದ್ದು ಈ ದೇವರ ಮೇಲಿನ ಭಕ್ತಿಯಿಂದ. ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು ಅವರು. ಬೀಜದ ಚೀಲ ಹೊತ್ತು ಊರೂರು ತಿರುಗುವ ನನಗೆ ಅವರ ಮೇಲೆ ಸ್ವಲ್ಪ ಹೆಚ್ಚೇ ಅಭಿಮಾನ. ಹತ್ತಿರದ ಹರಳಹಳ್ಳಿಯಲ್ಲಿ ಸೋಮೇಶ್ವರ ಗುಡಿ ಇದೆ, ಹೊತ್ತಿದ್ದರೆ ನೋಡಿ.

ಮಧ್ಯಾಹ್ನದ ಊಟ ಗುತ್ತಲದಲ್ಲಿ ಮುಗಿಸಿಕೊಳ್ಳಿ. ಜೋಳದ ರೊಟ್ಟಿ, ಎಣಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ರೊಟ್ಟಿ ಬಡಿಯುವ ಸಪ್ಪಳ ಕೇಳುವ ಖಾನಾವಳಿಗೇ ಹೋಗಿ. ಬೋರ್ಡು ದೊಡ್ಡದಿದ್ದಲ್ಲಿ ಬೇಡ. ಖಾರ ಹೆಚ್ಚಾಯಿತೆಂದರೆ "ಅಕ್ಕಾರ, ಸ್ವಲ್ಪ ಕೆನಿಮೊಸರು ಹಾಕ್ರಿ" ಅನ್ನಿ, ಇಲ್ಲ ಅನ್ನುವುದಿಲ್ಲ.

ಇನ್ನು ಚೌಡದಾನಪುರ. ನಾಲ್ಕು ಗಂಟೆಯ ಮೇಲೆ ಹೋಗಬೇಕು, ಕತ್ತಲಾಗುವ ತನಕ ಇರಬೇಕು. ಅದಕ್ಕಿಂತ ಮೊದಲು ಹೋದರೆ ಬಿಸಿಲಿಗೆ ಕಲ್ಲು ಸುಡುತ್ತಿರುತ್ತದೆ, ಬರಿಗಾಲಲ್ಲಿ ಸುತ್ತು ಹಾಕಲು ಆಗುವುದಿಲ್ಲ.

ಊರು ಸಣ್ಣದು. ಮನೆಗಳ ನಡುವಿನ ದಾರಿ ಮುಗಿದ ಕೂಡಲೇ ಮುಕ್ತೇಶ್ವರ ಗುಡಿ, ಅದರ ಹಿಂದೆಯೇ ತುಂಗಭದ್ರೆ. ಮೊದಲ ನೋಟಕ್ಕೆ ಗುಡಿಯೂ ಸಣ್ಣದು ಅನಿಸುತ್ತದೆ. ಬೇಲೂರಿನ ಗುಂಗಿನಲ್ಲಿ ಬಂದವರು ಅಲ್ಲೇ ಒಂದು ಫೋಟೋ ಹೊಡೆದುಕೊಂಡು ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿ. ಗೋಡೆಯ ಹತ್ತಿರ, ಕೈಯಳತೆಯ ದೂರದಲ್ಲಿ ನಿಲ್ಲಿ. ಗೋಡೆಯ ಮೇಲೆ ಕಂಬದ ಆಕಾರ ಬಿಡಿಸಿ, ಅದರ ತುದಿಗೆ ಗೇಣುದ್ದದ ಇನ್ನೊಂದು ಗುಡಿ ಕಡೆದಿದ್ದಾರೆ. ಆ ಪುಟ್ಟ ಗುಡಿಗೂ ಶಿಖರ ಇದೆ, ಶಿಖರಕ್ಕೆ ಕಳಸ ಇದೆ, ಮೇಲೆ ಬಳ್ಳಿ ಸುತ್ತಿದ ಕಮಾನು, ಕಮಾನಿನ ತುದಿಗೆ ಹಲ್ಲು ಕಿರಿದ ಕೀರ್ತಿಮುಖ. ಬಳಪದ ಕಲ್ಲಾದ್ದರಿಂದ ಉಳಿ ಇಟ್ಟಲ್ಲಿ ನಿಂತಿದೆ. ಒಂದು ಬಳ್ಳಿಯ ಬುಡ ಹಿಡಿದು ಕಣ್ಣಿನಿಂದ ಹಿಂಬಾಲಿಸುತ್ತ ಹೋಗಿ ನೋಡಿ, ತುದಿ ಮುಟ್ಟುವಷ್ಟರಲ್ಲಿ ನಡುವೆ ಎರಡು ಸಲ ದಾರಿ ತಪ್ಪಿರುತ್ತದೆ.

ಗುಡಿಯ ಅಂಗಳದಲ್ಲಿ ಆಳೆತ್ತರಕ್ಕೂ ಮಿಕ್ಕ ಶಾಸನದ ಕಲ್ಲುಗಳಿವೆ. ಗುತ್ತಲವನ್ನು ಆಳಿದ ಗುತ್ತರಸರ ಕಾಲದವು. ಈ ಅರಸರು ತಾವು ಉಜ್ಜಯಿನಿಯ ಚಂದ್ರಗುಪ್ತನ ವಂಶದವರು ಎಂದು ಹೇಳಿಕೊಳ್ಳುತ್ತಿದ್ದರು. ಗುತ್ತಲದ ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ಈ ಮಾತು ನೆನಪಾದರೆ ನಗು ಬರುತ್ತದೆ, ಆದರೆ ಶಾಸನ ನೋಡಿದರೆ ಅವರ ಠೀವಿ ನಂಬುವಂತೆಯೇ ಇದೆ. ಹಳಗನ್ನಡದ ಪದ್ಯಗಳು, ಅಕ್ಷರಗಳು ದುಂಡಗೆ, ಒಂದಕ್ಕೊಂದು ಅಂಟದಂತೆ. 1225ರಲ್ಲಿ ಇಲ್ಲಿಗೆ ಬಂದು ನೆಲೆಸಿದ ಶಿವದೇವ ಎಂಬ ಯೋಗಿಯ ವಿಷಯ ಇವುಗಳಲ್ಲೇ ಬರುತ್ತದೆ. ಓದಲು ಬರದಿದ್ದರೂ ಕೂತು ಒಂದೆರಡು ಸಾಲು ಪ್ರಯತ್ನಿಸಿ. 'ಶ್ರೀ', 'ದೇವ' ಇಂಥವು ಸಿಕ್ಕರೂ ಖುಷಿಯಾಗುತ್ತದೆ, ಮಕ್ಕಳಿಗಂತೂ ಇದೊಂದು ಆಟ.

ಹಿಂದಿನ ಮೆಟ್ಟಿಲಿನ ಕಡೆ ಇಳಿದರೆ ಹೊಳೆ. ಅಂಬಿಗರ ಚೌಡಯ್ಯನ ಊರಿದು, ಹನ್ನೆರಡನೆಯ ಶತಮಾನದ ಶರಣ. ಅವನ ಐಕ್ಯಮಂಟಪ ದಂಡೆಯಲ್ಲೇ ಇದೆ. ಹೊಳೆ ತುಂಬಿದ ವರ್ಷ ಅದರ ಹತ್ತಿರ ಹೋಗಲು ಬರುವುದಿಲ್ಲ. ಸಂಕ್ರಾಂತಿಯ ಹೊತ್ತಿಗೆ ನರಸೀಪುರದ ಚೌಡಯ್ಯನ ಪೀಠದಲ್ಲಿ ಉತ್ಸವ, ಆಗ ಈ ರಸ್ತೆಗಳಲ್ಲಿ ಗಾಡಿ ಸಾಲು. ಉಳಿದ ದಿನ ಬಟ್ಟೆ ಒಗೆಯುವವರು, ಎಮ್ಮೆ ತೊಳೆಯುವವರು, ತೆಪ್ಪದಲ್ಲಿ ಬಲೆ ಬಿಡುವವರು. ಒಮ್ಮೆ ಮೆಟ್ಟಿಲ ಮೇಲೆ ಕೂತಿದ್ದ ಅಜ್ಜನೊಬ್ಬ ನನ್ನ ಗಾಡಿಯ ಮೇಲಿನ ಕಂಪನಿಯ ಚೀಟಿ ನೋಡಿ ಕೇಳಿದ: "ತಮ್ಮಾ, ಬೀಜ ಮಾರಾಕ ಬಂದಿಯೋ, ಗುಡಿ ನೋಡಾಕ ಬಂದಿಯೋ?"

"ಎರಡೂ ಐತ್ರಿ ಅಜ್ಜಾರ."

"ಹಂಗಾರ ಮೊದಲ ಬೀಜದ್ದು ಹೇಳು. ಗುಡಿ ಎಲ್ಲೂ ಹೋಗೂದಿಲ್ಲ."

ಕತ್ತಲಾಗುವ ತನಕ ಅಜ್ಜ ಹೋದ ವರ್ಷದ ಗೋವಿನಜೋಳದ ಲೆಕ್ಕ ಕೇಳಿದ, ನಾನು ಹೇಳಿದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹೊಳೆಯಲ್ಲಿ ಈಜಲು ಇಳಿಯಬೇಡಿ. ಮೇಲೆ ನೋಡಿದರೆ ಮೊಣಕಾಲ ನೀರು, ಉಸುಕು ತೆಗೆದ ಕಡೆ ಒಂದು ಹೆಜ್ಜೆ ಮುಂದೆ ಇಟ್ಟರೆ ಆಳೆರಡು. ಊರವರು ಇಳಿಯುವ ಜಾಗ ಬೇರೆ, ಅವರಿಗೆ ಗೊತ್ತು. ನೀವು ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಡಿ, ಸಾಕು.

ಹೊಳೆಯ ಆಚೆ ಕುರುವತ್ತಿ. ಅಲ್ಲಿನ ಮಲ್ಲಿಕಾರ್ಜುನ ಗುಡಿಯ ಮದನಿಕೆಯರು ಬಹಳ ಚೆಲುವೆಯರು. ಶಿವರಾತ್ರಿಗೆ ಅಲ್ಲಿ ಬಸವೇಶ್ವರನ ಜಾತ್ರೆ. ಇನ್ನೂ ಮುಂದೆ ಹೋದರೆ ಮೈಲಾರ. ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರಲಿಂಗನ ಕಾರ್ಣಿಕ, ಅಂದರೆ ವರ್ಷದ ಭವಿಷ್ಯವಾಣಿ. ಆ ದಿನಗಳಲ್ಲಿ ನಮ್ಮ ಜಿಲ್ಲೆಯಿಂದ ಎತ್ತಿನಗಾಡಿ ಕಟ್ಟಿಕೊಂಡು ಹೋಗುವವರು ಈಗಲೂ ಇದ್ದಾರೆ. ಕರಿ ಕಂಬಳಿ ಹೊದ್ದ ಗೊರವಯ್ಯಗಳು, "ಏಳು ಕೋಟಿಗೆ ಏಳು ಕೋಟಿಗೋ" ಎಂಬ ಕೂಗು, ಡಮರುಗದ ಸದ್ದು. ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಎಂದ ಕೂಡಲೇ ಅಷ್ಟು ದೊಡ್ಡ ಜಾತ್ರೆ ಬಾಯಿ ಮುಚ್ಚುತ್ತದೆ. ಅವನು ಹೇಳುವುದು ಒಂದೇ ಸಾಲು, ಹೇಳಿ ಕೆಳಗೆ ಬೀಳುತ್ತಾನೆ. ಆಮೇಲೆ ಶುರುವಾಗುವುದು ಅರ್ಥ ಹಚ್ಚುವ ಕೆಲಸ. ರೈತರು ಮಳೆಗೆ ಹಚ್ಚುತ್ತಾರೆ, ಪುಢಾರಿಗಳು ಕುರ್ಚಿಗೆ ಹಚ್ಚುತ್ತಾರೆ. "ಈ ಸಲ ಹತ್ತಿ ಹಾಕೂಣೋ, ಗೋವಿನಜೋಳಾನೋ, ಕಾರ್ಣಿಕ ಏನ್ ಹೇಳೇತಿ?" ಎಂದು ನನ್ನನ್ನು ಕೇಳುವ ರೈತರಿದ್ದಾರೆ. ನಮ್ಮ ಕಂಪನಿಯ ಮ್ಯಾನೇಜರ್ ಬರೆದ ಅಂದಾಜಿಗಿಂತ ಅವರಿಗೆ ಅದರ ಮೇಲೆ ಭರವಸೆ ಹೆಚ್ಚು. ಮೈಲಾರದ ಗದ್ದಲ ಆಗದವರು ದಸರೆಗೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ಹೋಗಬಹುದು, ಅಲ್ಲೂ ಕಾರ್ಣಿಕ ನಡೆಯುತ್ತದೆ.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಇದೇ ಸೀಮೆಯದು. 1974ರಲ್ಲಿ ಘೋಷಣೆಯಾದದ್ದು, 119 ಚದರ ಕಿಲೋಮೀಟರ್. ಅರಣ್ಯ ಎಂದಾಗ ಮನಸ್ಸಿನಲ್ಲಿ ಬರುವ ಕಾಡು ಇಲ್ಲಿಲ್ಲ. ಕುರುಚಲು, ಹುಲ್ಲು, ನೀಲಗಿರಿ ನೆಡುತೋಪು. ಬಿಸಿಲೇರುವ ಮೊದಲೇ ಹೋದರೆ ಚಿಗರಿ ಹಿಂಡು ಕಾಣುತ್ತದೆ. ಗಂಡು ಚಿಗರಿಯ ಬೆನ್ನು ಕರಿ, ಹೊಟ್ಟೆ ಬಿಳಿ, ಕೊಂಬು ತಿರುಚಿಕೊಂಡು ಮೇಲೆ ಹೋಗಿರುತ್ತದೆ. ಹೊಲದಲ್ಲಿ ಎಳೆ ಪೈರು ಮೇಯಲು ಬರುವ ಚಿಗರಿಗೆ ರೈತರು ಬೈಯುವ ಬೈಗುಳ ಕೇಳಿದ್ದೇನೆ. ಅದೇ ರೈತ ಗದ್ದಲವಿಲ್ಲದೆ ನಿಂತು ಅದು ಬೇಲಿ ಜಿಗಿಯುವುದನ್ನು ನೋಡುವುದನ್ನೂ ಕಂಡಿದ್ದೇನೆ.

ಎರಡನೆಯ ದಿನ ಇದ್ದರೆ ಪಡುವಣ ದಿಕ್ಕು. ಇಲ್ಲಿ ನನ್ನ ಮೊದಲ ಮತ ಬಂಕಾಪುರಕ್ಕೆ. ಹಳೆಯ ಕೋಟೆಯೊಳಗೆ 139 ಎಕರೆ ನವಿಲಿಗೆ ಬಿಟ್ಟಿದ್ದಾರೆ, ಖಿಲಾರಿ ಹೋರಿಗಳ ತಳಿ ಕೇಂದ್ರವೂ ಅಲ್ಲೇ ಇದೆ. ನವಿಲು ನೋಡಲು ಹೋದ ನಮ್ಮೂರ ರೈತರು ಹೋರಿ ನೋಡುತ್ತ ನಿಂತುಬಿಡುತ್ತಾರೆ. ಅದೇ ಕೋಟೆಯಲ್ಲಿ ನಗರೇಶ್ವರ ಗುಡಿ, ಜನ ಅರವತ್ತು ಕಂಬದ ಗುಡಿ ಅನ್ನುತ್ತಾರೆ. ಎಣಿಸಿದರೆ ಅರವತ್ತಕ್ಕಿಂತ ಹೆಚ್ಚೇ ಇವೆ. ಬಿಸಿಲಿನಲ್ಲಿ ಅದರ ಮಂಟಪದಲ್ಲಿ ಕೂತರೆ ಎದ್ದು ಬರಲು ಮನಸ್ಸಾಗುವುದಿಲ್ಲ.

ಉಳಿದವು ಬೇಗ ಹೇಳಿಬಿಡುತ್ತೇನೆ. ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ ತಲೆ ಮೇಲೆತ್ತಿ ಛಾವಣಿಯ ಕಮಲ ನೋಡಲೇಬೇಕು, ಕತ್ತು ನೋಯುವ ತನಕ. ಸವಣೂರಿನ ದೊಡ್ಡಹುಣಸೆ ಮಠದಲ್ಲಿ ಹಳೆಯ ಬಾವೊಬಾಬ್ ಮರಗಳಿವೆ, ಆಫ್ರಿಕಾದ ಜಾತಿ. ಮೂರ್ನಾಲ್ಕು ಜನ ಕೈ ಹಿಡಿದುಕೊಂಡರೂ ತಬ್ಬಲಾಗದು. ಅಲ್ಲಿಂದ ಬರುವಾಗ ಸವಣೂರಿನ ಎಲೆ, ಖಾರ ಎರಡೂ ತರುವುದು ವಾಡಿಕೆ. ಕಾಗಿನೆಲೆ, ಬಾಡ ಎರಡೂ ಕನಕದಾಸರ ಊರು. ಬಾಡದಲ್ಲಿ ಹೊಸ ಅರಮನೆ ಕಟ್ಟಿದ್ದಾರೆ. ನನಗೆ ಕಾಗಿನೆಲೆಯ ಆದಿಕೇಶವನ ಗುಡಿಯೇ ಹೆಚ್ಚು. ಶಿಶುವಿನಹಾಳದಲ್ಲಿ ಶರೀಫಜ್ಜನ ಗದ್ದುಗೆ. ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ನಡೆದುಕೊಳ್ಳುವ ಜಾಗ, ಅಲ್ಲಿ ಯಾರಾದರೂ ತಂಬೂರಿ ಹಿಡಿದು ಕೂತಿದ್ದರೆ ಅರ್ಧ ತಾಸು ಕೂತು ಕೇಳಿ. ಗೊಟಗೋಡಿಯ ರಾಕ್ ಗಾರ್ಡನ್ ಕಲಾವಿದ ಸೊಲಬಕ್ಕನವರ ಕನಸು. ಹೊಲ ಉಳುವವರು, ಕಣ ಮಾಡುವವರು, ರೊಟ್ಟಿ ಬಡಿಯುವವರು ಎಲ್ಲರೂ ಆಳೆತ್ತರದಲ್ಲಿ ನಿಂತಿದ್ದಾರೆ. ಮಕ್ಕಳಿದ್ದವರು ತಪ್ಪಿಸಬೇಡಿ. ಹಳ್ಳಿಯಲ್ಲೇ ಬೆಳೆದ ನನ್ನಂಥವರಿಗೆ ಅದು ಅಷ್ಟು ಹೊಸದಲ್ಲ.

ವಾಪಸು ಹೋಗುವ ದಿನ ಸೋಮವಾರವೋ ಗುರುವಾರವೋ ಆಗುವಂತೆ ನೋಡಿಕೊಂಡರೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಸಿಗುತ್ತದೆ. ಜನವರಿಯಿಂದ ಬೇಸಿಗೆ ತನಕ ಭರಾಟೆ. ಊರ ಹತ್ತಿರ ಬರುತ್ತಿದ್ದಂತೆಯೇ ಮೂಗಿಗೆ ಗೊತ್ತಾಗುತ್ತದೆ. ಒಳಗೆ ಕಣ್ಣು ಹೋದಷ್ಟು ದೂರ ಕೆಂಪು: ಚೀಲ ಬಿಚ್ಚಿ ಸುರಿದ ರಾಶಿ, ರಾಶಿಗೊಂದು ಲಾಟ್ ನಂಬರು, ಹಿಡಿ ತುಂಬ ತೆಗೆದು ಮುರಿದು, ಮೂಸಿ, ಬೀಜ ಅಲುಗಿಸಿ ನೋಡುವ ಖರೀದಿದಾರರು. ಎಲ್ಲರೂ ಕೆಮ್ಮುತ್ತಿರುತ್ತಾರೆ, ಹಮಾಲರನ್ನು ಬಿಟ್ಟು. ಇಲ್ಲಿಯ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಕಾಯಿಯಿಂದ ತೆಗೆದ ಕೆಂಪು ಎಣ್ಣೆ ತಿನಿಸಿನ ಬಣ್ಣಕ್ಕೂ ಹೋಗುತ್ತದೆ, ತುಟಿಯ ಬಣ್ಣಕ್ಕೂ ಹೋಗುತ್ತದೆ.

ಮನೆಗೆ ಕೊಳ್ಳುವವರು ಯಾರ್ಡಿನ ಹೊರಗಿನ ಅಂಗಡಿಗಳಲ್ಲಿ ಕೇಳಿ. ಕಡ್ಡಿ ಬೇಕೋ ಡಬ್ಬಿ ಬೇಕೋ ಎಂದು ಅವರೇ ಕೇಳುತ್ತಾರೆ. ಕಡ್ಡಿ ಉದ್ದ, ತೆಳ್ಳಗೆ. ಡಬ್ಬಿ ಗಿಡ್ಡ, ದಪ್ಪ, ಬೀಜ ಹೆಚ್ಚು, ಸಾರಿಗೆ ಬಣ್ಣ ರುಚಿ ಎರಡೂ ಕೊಡುತ್ತದೆ. ಮೈ ನೆರಿಗೆ ಬಿದ್ದಿರಬೇಕು, ನುಣ್ಣಗೆ ಹೊಳೆಯುತ್ತಿದ್ದರೆ ಅದು ಬೇರೆ ಸೀಮೆಯ ಕಾಯಿ. ತೊಟ್ಟು ಗಟ್ಟಿ ಇರಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಕಾಯಿ ಮತ್ತೆ ಮೊದಲಿನ ಆಕಾರಕ್ಕೆ ಬಂದರೆ ಹಸಿ ಉಳಿದಿದೆ ಎಂದರ್ಥ, ಮನೆಗೆ ಹೋಗಿ ಎರಡು ಬಿಸಿಲು ಕೊಡಬೇಕು. ಬೀಗರೇ, ನಿಮಗೆ ಡಬ್ಬಿಯೇ ಇರಲಿ. ಮೊದಲೇ ಫೋನ್ ಮಾಡಿದರೆ ತೆಗೆಸಿಟ್ಟಿರುತ್ತೇನೆ, ಆದರೆ ಬೈಪಾಸ್ ಮೇಲೆ ತಂದು ಕೊಡುವುದಿಲ್ಲ, ಊರೊಳಗೆ ಬಂದೇ ಒಯ್ಯಬೇಕು.